ಕರೆಂಟು ಹೋದರೆ ಬೊಗಳುವ ರಾಜು

ನಮ್ಮ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದಿನದನ್ನು ಓದಿ ನೀವು ನನ್ನ ಅಪ್ಪನನ್ನು ಕ್ರೂರಿಯೆಂದು ತೀರ್ಮಾನಿಸಿ ಹಗುರಾಗಿಬಿಡುವಿರಿ. ಅಷ್ಟು ಅಗ್ಗದ ಸಮಾಧಾನವನ್ನು ನಾನು ಯಾರಿಗೂ ಕೊಡಲಾರೆ, ನನಗೂ ಕೊಟ್ಟುಕೊಂಡಿಲ್ಲ. ಸುಳ್ಯ ಪೇಟೆಗೆ ಹತ್ತಿರದ ಐವರ್ನಾಡಿನ ರಸ್ತೆಬದಿಯಲ್ಲಿ ಅಪ್ಪನ ಮಿಲ್ಲು. ಒಂದು ಬದಿಗೆ ಅಕ್ಕಿ, ಮೆಣಸು, ಕೊತ್ತಂಬರಿ ಬೀಸುವ ಯಂತ್ರ, ಇನ್ನೊಂದು ಬದಿಗೆ ಕೊಬ್ಬರಿ ಎಣ್ಣೆಯ ಗಾಣ. ಮಿಲ್ಲಿನ ಹಿಂಗೋಡೆಯೇ ನಮ್ಮ ಅಡುಗೆಮನೆಯ ಮುಂಗೋಡೆ. ಯಂತ್ರ ಹೊರಟಿತೆಂದರೆ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಬಟ್ಟಲಿನ ಸಾರಿನ ಮೇಲೆ ಸಣ್ಣ ಅಲೆಗಳೇಳುತ್ತಿದ್ದವು. ಮೆಣಸು ಬೀಸುವ ದಿನ ಮನೆಮಂದಿಯೆಲ್ಲ ಸೀನುತ್ತಿದ್ದೆವು. ಆ ಗದ್ದಲದಲ್ಲಿ ಬೆಳೆದ ನಾವು ಮೆಲ್ಲನೆ ಮಾತಾಡುವುದನ್ನು ಕಲಿಯಲೇ ಇಲ್ಲ. ಮದುವೆಮನೆಗಳಲ್ಲಿ ನಾನು ಅಮ್ಮನ ಕಿವಿಯಲ್ಲಿ ಹೇಳಿದ ಗುಟ್ಟಿಗೆ ಎದುರಿನ ಸಾಲಿನವರು ತಿರುಗಿ ನೋಡುತ್ತಿದ್ದರು. ಕೇಳಬೇಕಾದ ಪ್ರಶ್ನೆಗಳನ್ನು ಕೇಳಿಸದಂತೆ ಮಾಡಲು ಅಷ್ಟು ದೊಡ್ಡ ಯಂತ್ರವೊಂದು ಮನೆಯಲ್ಲೇ ಇದ್ದರೆ ಎಷ್ಟು ಅನುಕೂಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಮಿಲ್ಲಿನ ಪ್ರಾಣಿಗಳಿಗೆ ಮಿಲ್ಲಿನದೇ ಗುಣಗಳಿದ್ದವು. ನಮ್ಮ ಬೆಕ್ಕು ಹುಟ್ಟಾ ಕಪ್ಪು. ಆದರೆ ಹಿಟ್ಟಿನ ಡಬ್ಬಗಳ ಸಂದಿಯಲ್ಲಿ ಹಗಲಿಡೀ ಹೊರಳಾಡಿ ಸಂಜೆಗೆ ಬೆಳ್ಳಗಾಗುತ್ತಿತ್ತು. ತುಳುವಿನಲ್ಲಿ ಬೆಳ್ಳಿಗೆ ಬೊಳ್ಳಿ ಎನ್ನುತ್ತಾರೆ. ಗಿರಾಕಿಗಳು ಅದಕ್ಕೆ ಅದೇ ಹೆಸರಿಟ್ಟರು. ಸಂಜೆಯಿಂದ ಮೈ ನೆಕ್ಕಿ ನೆಕ್ಕಿ ಬೊಳ್ಳಿ ಬೆಳಗಿಗೆ ಪುನಃ ಕಪ್ಪಾಗಿ ಬಂದು, ತನ್ನ ಶ್ರಮವನ್ನು ಯಾರಾದರೂ ಗಮನಿಸಿದರೇ ಎಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿತ್ತು. ಕುಟ್ಟಿ ಎಂಬ ಹೇಂಟೆಯದು ಇನ್ನೊಂದು ಹಟ. ಬುಟ್ಟಿ, ಬೈಹುಲ್ಲು, ಹಳೆಯ ಚಾಪೆ ಯಾವುದೂ ಅದಕ್ಕಾಗದು. ತಕ್ಕಡಿಯ ತಟ್ಟೆಯಲ್ಲಿ ಕೂತರೆ ಮಾತ್ರ ಮೊಟ್ಟೆ. ಅಂಥ ಹೊತ್ತಿನಲ್ಲಿ ಬಂದ ಗಿರಾಕಿಗಳು ಕಾಯಬೇಕಿತ್ತು. ದಿನವೂ ಬೀಸಲು ಏನೂ ಇಲ್ಲದೆ ಕೇವಲ ಸುದ್ದಿಗಾಗಿ ಮಿಲ್ಲಿಗೆ ಬರುತ್ತಿದ್ದ ಪಕ್ಕದ ರಬ್ಬರ್ ತೋಟದ ಚೆನ್ನಪ್ಪಣ್ಣನಿಗೆ ಅದೊಂದು ಹಬ್ಬ.

"ಎಂತ ಮಾರಾಯ್ರೆ, ಗಿರಾಕಿಗಳನ್ನು ಬಿಸಿಲಲ್ಲಿ ನಿಲ್ಲಿಸಿ ಕೋಳಿಗೆ ಬಾಣಂತನವಾ?"

"ಅದಕ್ಕೆ ಅವಸರ ಮಾಡಿದ್ರೆ ಮೊಟ್ಟೆ ಒಡೀತದೆ. ನಿಮಗೆ ಅವಸರ ಎಂತ? ಬೀಸ್ಲಿಕ್ಕೆ ತಂದದ್ದು ಉಂಟಾ?"

ಹೀಗೆ ಹೇಳುತ್ತಿದ್ದವರು ನನ್ನ ಅಪ್ಪ. ಕೋಳಿಯೊಂದರ ಏಕಾಂತಕ್ಕಾಗಿ ವ್ಯಾಪಾರ ನಿಲ್ಲಿಸಿದ ಮನುಷ್ಯ. ಇದನ್ನು ನೆನಪಿಡಿ.

ಅದೇ ಅಪ್ಪನಿಗೆ ಒಂದು ನಿಯಮವಿತ್ತು: ಹೆಣ್ಣುನಾಯಿಯನ್ನು ಸಾಕುವಂತಿಲ್ಲ. ಬೆಕ್ಕಿಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ, ಏಕೆಂದರೆ ಇಲಿ ಹಿಡಿಯುವವಳು ಹೆಣ್ಣಾದರೂ ನಡೆಯುತ್ತದೆ. ಕೋಳಿಗಂತೂ ಹೆಣ್ಣಾಗುವುದೇ ಅರ್ಹತೆ. ನಾಯಿ ಮಾತ್ರ ಗಂಡೇ ಆಗಬೇಕು. ಇದು ಅಪ್ಪನ ಸ್ವಂತ ಸಂಶೋಧನೆಯೇನಲ್ಲ, ನಮ್ಮ ಸುತ್ತಿನ ಊರುಗಳೆಲ್ಲ ಚರ್ಚೆಯೇ ಇಲ್ಲದೆ ಒಪ್ಪಿಕೊಂಡ ವ್ಯವಸ್ಥೆ. ಮರಿಗಳು ಕಣ್ಣು ಬಿಟ್ಟ ಮೇಲೆ ಮನೆಯ ಗಂಡಸು ಒಂದೊಂದನ್ನೇ ಮಗುಚಿ ನೋಡುತ್ತಾನೆ. ಗಂಡುಗಳನ್ನು ಯಾರಾದರೂ ಕೇಳಿ ಒಯ್ಯುತ್ತಾರೆ, ಹೆಣ್ಣುಗಳು ಗೋಣಿಯೊಳಗೆ ಹೋಗುತ್ತವೆ. ಗೋಣಿಯನ್ನು ಪೇಟೆಯ ಮೀನು ಮಾರ್ಕೆಟಿನ ಬಳಿಯೋ ಮತ್ತೊಂದು ಊರಿನ ಬಸ್‌ಸ್ಟ್ಯಾಂಡಿನ ಹಿಂದೆಯೋ ಬಿಚ್ಚಿ ಬರುತ್ತಾರೆ. ಕೊಲ್ಲುವುದಿಲ್ಲ. ಕೊಲ್ಲುವುದು ಪಾಪವಂತೆ. ನಮ್ಮೂರಿನವರು ಆ ಊರಿನಲ್ಲಿ ಬಿಡುತ್ತಿದ್ದರು, ಆ ಊರಿನವರು ನಮ್ಮಲ್ಲಿ ತಂದು ಬಿಡುತ್ತಿದ್ದರು. ಈ ಕೊಡುಕೊಳೆಯಲ್ಲಿ ಎರಡೂ ಕಡೆಯವರ ಕೈ ಸ್ವಚ್ಛವಾಗಿಯೇ ಉಳಿಯುತ್ತಿತ್ತು. ಹಾಗೆ ಯಾರೋ ಬಿಟ್ಟುಹೋದ ಬಸುರಿ ನಾಯಿಯೊಂದು ನಮ್ಮ ಮಿಲ್ಲಿಗೆ ನುಗ್ಗಿ, ಮೋಟರಿನ ಕೆಳಗಿನ ಬೆಚ್ಚನೆಯ ಗುಂಡಿಯಲ್ಲಿ ಮರಿ ಹಾಕಿತು. ನಾನಾಗ ಮೂರನೆಯ ಕ್ಲಾಸಿನ ಹುಡುಗಿ. ಕೆಲವು ವಾರಗಳಲ್ಲಿ ತಾಯಿನಾಯಿ ಲಾರಿಯಡಿಗೆ ಬಿದ್ದು ಸತ್ತಿತು. ಗಂಡುಮರಿಗಳನ್ನು ಗಿರಾಕಿಗಳು ಒಯ್ದರು. ಎರಡು ಹೆಣ್ಣುಗಳು ಉಳಿದವು.

ಅಪ್ಪ ಗೋಣಿ ಹಿಡಿದು ಬಂದ ಬೆಳಗ್ಗೆ ಒಂದು ಮರಿ ಗುಂಡಿಯಲ್ಲಿತ್ತು, ಇನ್ನೊಂದು ನನ್ನ ಮಡಿಲಲ್ಲಿ. ಗುಂಡಿಯದು ಗೋಣಿಗೆ ಹೋಯಿತು. ನಾನು ಅಳಲಿಲ್ಲ, ಮರಿಯ ಮೇಲೆ ಬಾಗಿ, ಲಂಗದಿಂದ ಅದನ್ನು ಮುಚ್ಚಿ, ಕಲ್ಲಿನ ಹಾಗೆ ಕುಳಿತೆ. ಅಮ್ಮ ಒಳಗಿನಿಂದ ಬಂದಳು. ಗಿರಾಕಿಗಳ ಹಿಟ್ಟಿನ ಗೋಣಿಗಳ ಬಾಯಿ ಹೊಲಿಯುವುದು ಅವಳ ಕೆಲಸ; ಕೈಯಲ್ಲಿ ಉದ್ದನೆಯ ದಬ್ಬಳ ಇತ್ತು. ಬಂದವಳೇ ನನ್ನ ಮಡಿಲಿನಿಂದ ಮರಿಯನ್ನು ಎತ್ತಿ, ಒಂದು ಕ್ಷಣ ಬೆಳಕಿಗೆ ಹಿಡಿದು, ಪುನಃ ನನಗೇ ಕೊಟ್ಟಳು.

"ಇದು ಗಂಡು. ನಾನು ನೋಡಿದ್ದೇನೆ."

"ಸರಿ ನೋಡಿದ್ದೀಯಾ?"

"ನನಗೆ ಗಂಡು ಯಾವುದು ಹೆಣ್ಣು ಯಾವುದು ಗೊತ್ತಾಗುದಿಲ್ವಾ? ನೀವು ಮೊದಲು ಆ ಕನ್ನಡಕ ಒರೆಸಿ."

ಅಪ್ಪನ ಕನ್ನಡಕ ಯಾವಾಗಲೂ ಹಿಟ್ಟಿನಿಂದ ಮಸುಕಾಗಿರುತ್ತಿತ್ತು. ಅಂದು ಅವರು ಅದನ್ನು ಒರೆಸಲಿಲ್ಲ. ಒಂದೇ ಮರಿಯಿದ್ದ ಗೋಣಿಯನ್ನು ಪಿಕಪ್ಪಿನಲ್ಲಿಟ್ಟು ಹೊರಟರು. ಸುಳ್ಳನ್ನೇ ಹೇಳದ ನನ್ನ ಅಮ್ಮ ಆ ಸುಳ್ಳನ್ನು ಎಷ್ಟು ಸಲೀಸಾಗಿ ಹೇಳಿದಳೆಂದರೆ, ಅವಳು ಬಹಳ ವರ್ಷಗಳಿಂದ ಅದನ್ನು ಯಾರಿಗಾದರೂ ಹೇಳಲು ಕಾಯುತ್ತಿದ್ದಳೇನೋ ಅನ್ನಿಸುತ್ತದೆ. ಮರಿಗೆ ರಾಜು ಎಂದು ಹೆಸರಿಟ್ಟವಳೂ ಅವಳೇ.

ರಾಜು ಮೋಟರಿನ ಕೆಳಗೆ ಹುಟ್ಟಿದವಳು. ಯಂತ್ರದ ಆರ್ಭಟವೇ ಅವಳಿಗೆ ಜೋಗುಳ. ಗಾಣ ತಿರುಗುತ್ತಿದ್ದರೆ ಅದರ ಪಕ್ಕದಲ್ಲೇ ನಾಲ್ಕು ಕಾಲು ಮೇಲೆ ಮಾಡಿ ನಿದ್ದೆ ಹೋಗುತ್ತಿದ್ದಳು. ಅವಳಿಗೆ ಭಯವಿದ್ದದ್ದು ಮೌನದ್ದು. ಕರೆಂಟು ಹೋಗಿ ಯಂತ್ರ ನಿಧಾನವಾಗಿ ನಿಂತಾಗ ಎದ್ದು ರಸ್ತೆಗೆ ಓಡಿ, ಆಕಾಶಕ್ಕೆ ಮುಖ ಮಾಡಿ ಬೊಗಳಲು ತೊಡಗಿದರೆ ಕರೆಂಟು ಬರುವವರೆಗೂ ನಿಲ್ಲಿಸುತ್ತಿರಲಿಲ್ಲ. ನಮ್ಮ ಸುತ್ತಿನ ಮನೆಗಳಲ್ಲಿ ಹಗಲು ಹೊತ್ತು ಕರೆಂಟು ಇದೆಯೇ ಎಂದು ಯಾರೂ ಸ್ವಿಚ್ಚು ಹಾಕಿ ನೋಡುತ್ತಿರಲಿಲ್ಲ. ರಾಜು ಬೊಗಳುತ್ತಿದ್ದಾಳೆಯೇ ಎಂದು ಕಿವಿಗೊಡುತ್ತಿದ್ದರು. ಆದರೆ ಅವಳ ನಡತೆಯಲ್ಲಿ ಒಂದು ಸೂಕ್ಷ್ಮವಿತ್ತು. ಮಧ್ಯಾಹ್ನ ಊಟಕ್ಕೇಳುವಾಗ ಅಪ್ಪ ತಾವೇ ಮೇನ್ ಸ್ವಿಚ್ಚು ಇಳಿಸುತ್ತಿದ್ದರಲ್ಲ, ಆಗ ಅದೇ ಯಂತ್ರ ಅದೇ ರೀತಿ ನಿಂತರೂ ರಾಜು ಬೊಗಳುತ್ತಿರಲಿಲ್ಲ. ತಲೆಯೆತ್ತಿ ಸ್ವಿಚ್ಚಿನ ಮೇಲಿದ್ದ ಅಪ್ಪನ ಕೈ ನೋಡುತ್ತಿದ್ದಳು, ಪುನಃ ಮಲಗುತ್ತಿದ್ದಳು. ಯಾರ ಕೈ ಎಂದು ಕಂಡರೆ ಅವಳಿಗೆ ಸಾಕಿತ್ತು. ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಅಧಿಕಾರ ಮತ್ತು ಉತ್ತರದಾಯಿತ್ವದ ಕುರಿತು ದಪ್ಪ ದಪ್ಪ ಪುಸ್ತಕಗಳನ್ನು ಓದಿದೆ, ಪ್ರಬಂಧ ಬರೆದೆ, ವೇದಿಕೆಗಳಲ್ಲಿ ಮೇಜು ಗುದ್ದಿ ಮಾತಾಡಿದೆ. ಮೊದಲ ಪಾಠವನ್ನು ಮಾತ್ರ ನನಗೆ ಹೇಳಿಕೊಟ್ಟದ್ದು ಆ ನಾಯಿ.

ಅವಳನ್ನು ಗಂಡಾಗಿಯೇ ಉಳಿಸುವುದು ಸುಲಭದ ಕೆಲಸವಾಗಿರಲಿಲ್ಲ. ಊರಿನ ಗಂಡುನಾಯಿಗಳು ಕಂಡ ಕಂಬಕ್ಕೆಲ್ಲ ಕಾಲೆತ್ತುತ್ತಿರುವಾಗ ರಾಜು ಅಂಗಳದ ಮೂಲೆಗೆ ಹೋಗಿ ಸಂಕೋಚದಿಂದ ಕುಳಿತೇ ಮುಗಿಸುತ್ತಿದ್ದಳು. ಚೆನ್ನಪ್ಪಣ್ಣನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಒಂದು ದಿನ ಅಮ್ಮನನ್ನೇ ಕೇಳಿದ.

"ಇದೆಂತ ಅಕ್ಕಾ, ನಿಮ್ಮ ರಾಜು ಗಂಡಾಗಿಯೂ ಕೂತು ಮಾಡುದು?"

"ಗೋಡೆ ಹಾಳು ಮಾಡಿದ್ರೆ ಮಾತ್ರ ಗಂಡಾ? ನೀವು ಮೊನ್ನೆ ನಮ್ಮ ಕಂಪೌಂಡಿಗೆ ಮಾಡಿದ್ದನ್ನು ನಾನು ನೋಡಿದ್ದೇನೆ. ರಾಜುವಿಗೆ ಮರ್ಯಾದೆ ಉಂಟು."

ಮಿಲ್ಲಿನಲ್ಲಿದ್ದವರೆಲ್ಲ ನಕ್ಕರು, ಚೆನ್ನಪ್ಪಣ್ಣನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅಪ್ಪ ಮಾತ್ರ ಅಕ್ಕಿಯ ಚೀಲದ ಬಾಯಿಗೆ ಕೈಹಾಕಿ ಏನನ್ನೋ ಹುಡುಕುತ್ತಿದ್ದರು. ಆ ದಿನಗಳಲ್ಲಿ ಅಮ್ಮ ಮತ್ತು ನಾನು ಒಂದು ಗುಪ್ತ ಪಕ್ಷದ ಸದಸ್ಯರಂತೆ ಬದುಕಿದೆವು. ಅವಳು ರಾಜುವನ್ನು ಎಲ್ಲರೆದುರು 'ಬಾರೋ, ಹೋಗೋ' ಎನ್ನುವಳು. ಅಡುಗೆಮನೆಯಲ್ಲಿ ನಾವಿಬ್ಬರೇ ಇರುವಾಗ 'ಬಾ ಮಗಳೇ' ಎಂದು ದೋಸೆಯ ಅಂಚು ಮುರಿದು ಹಾಕುವಳು. ರಾಜುವಿಗೆ ದೋಸೆಯ ಅಂಚೇ ಬೇಕು, ನಡುವಿನ ಮೆತ್ತನೆಯದನ್ನು ಬೊಳ್ಳಿಗೆ ಬಿಟ್ಟುಕೊಡುತ್ತಿದ್ದಳು. ಕುಟ್ಟಿ ತಕ್ಕಡಿಯಲ್ಲಿ ಕುಳಿತಾಗ ಬೇರೆ ನಾಯಿಗಳು ಹತ್ತಿರ ಬಾರದಂತೆ ಕಾವಲು ಕೂರುತ್ತಿದ್ದಳು. ಅಪ್ಪ ಸಂಜೆ ಚಹಾಕ್ಕೆ ಕೂತರೆ ಅವರ ಪಾದದ ಮೇಲೆ ಗದ್ದವಿಟ್ಟು ಕಣ್ಮುಚ್ಚುತ್ತಿದ್ದಳು. ಅಪ್ಪ ಬಿಸ್ಕೆಟನ್ನು ದೂರ ಎಸೆಯುವರು. ಅವಳು ಓಡಿಹೋಗಿ ತಂದು, ತಿನ್ನದೆ, ಅವರ ಮುಂದೆಯೇ ಇಡುವಳು. ಅವರು 'ತಿನ್ನು' ಎಂದ ಮೇಲೆಯೇ ತಿನ್ನುವುದು. ಈ ಆಟವನ್ನು ಯಾರು ಯಾರಿಗೆ ಕಲಿಸಿದರೋ ನನಗೆ ತಿಳಿಯದು.

ಪ್ರಕೃತಿ ನಮ್ಮ ಪಕ್ಷಕ್ಕೆ ಸೇರಿರಲಿಲ್ಲ. ಕೊಬ್ಬರಿಯ ಸೀಸನ್ನು, ಮಿಲ್ಲಿನ ತುಂಬ ಜನ. ಒಂದು ಬೆಳಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ಊರಿನ ಗಂಡುನಾಯಿಗಳೆಲ್ಲ ಸಭೆ ಸೇರಿದ ಹಾಗೆ ಕುಳಿತಿದ್ದವು. ಕಿವಿ ಹರಿದದ್ದು, ಕುಂಟುವಂಥದ್ದು, ಎಲ್ಲಿಂದಲೋ ಸರಪಳಿ ಕಿತ್ತುಕೊಂಡು ಬಂದದ್ದು. ರಾಜು ಗಾಣದ ಹಿಂದೆ ಮುದುಡಿಕೊಂಡು ನಡುಗುತ್ತಿದ್ದಳು. ಅಮ್ಮ ನೀರೆರಚಿದಳು, ನಾನು ಕೋಲು ಬೀಸಿದೆ. ಹತ್ತು ಹೆಜ್ಜೆ ಹಿಂದೆ ಸರಿದು ಅವು ಪುನಃ ಬಂದು ಕುಳಿತವು. ಮಧ್ಯಾಹ್ನದ ಹೊತ್ತಿಗೆ ಜಗಳ ಹತ್ತಿ, ಗಿರಾಕಿಯೊಬ್ಬರ ಮೆಣಸಿನ ಚೀಲ ಉರುಳಿ, ನಾಯಿಗಳೂ ಮನುಷ್ಯರೂ ಒಟ್ಟಾಗಿ ಸೀನಿದರು. ಚೆನ್ನಪ್ಪಣ್ಣ ಮಿಲ್ಲಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿದ:

"ಮಾರಾಯ್ರೆ, ನಿಮ್ಮ ರಾಜುವಿಗೆ ಸ್ವಯಂವರವಾ? ನಮಗೆ ಮದುವೆಯ ಹೇಳಿಕೆಯೇ ಇಲ್ಲ! ಇಷ್ಟು ವರ್ಷ ಮೂಟೆಗಟ್ಟಲೆ ತೂಗಿದ ಮನುಷ್ಯನಿಗೆ ಮನೆಯ ನಾಯಿ ಗಂಡಾ ಹೆಣ್ಣಾ ಗೊತ್ತಾಗ್ಲಿಲ್ವಾ? ಮನೆಯಲ್ಲಿ ಹೆಂಗಸರು ಹೇಳಿದ್ದೇ ತೂಕವಾ?"

ನಗು ಮಿಲ್ಲಿನ ತಗಡಿನ ಮಾಡಿಗೆ ಬಡಿದು ಕೆಳಗಿಳಿಯಿತು. ಅಪ್ಪನೂ ನಕ್ಕರು. ಆ ನಗುವನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಅಪ್ಪ ಗಟ್ಟಿಯಾಗಿ ನಗುವವರಲ್ಲ, ಅಂದು ಗಟ್ಟಿಯಾಗಿ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಸಂಜೆ ಅಮ್ಮ ಕೊನೆಯ ಪ್ರಯತ್ನ ಮಾಡಿದಳು.

"ಸುಳ್ಯದಲ್ಲಿ ದನದ ಡಾಕ್ಟ್ರಿಗೆ ತೋರಿಸುವ. ಆಪರೇಷನ್ ಮಾಡಿದ್ರೆ ಮತ್ತೆ ಈ ರಗಳೆ ಇಲ್ಲ ಅಂತೆ."

"ನಾಯಿಗೆ ಆಪರೇಷನ್ನಾ? ಜನ ಕೇಳಿದ್ರೆ ನಗುದು."

"ಈಗ ನಗ್ತಾ ಇಲ್ವಾ?"

ಅಪ್ಪ ಎದ್ದು ಹೋಗಿ ಯಂತ್ರ ಹಾಕಿದರು. ಬೀಸಲು ಆ ಹೊತ್ತಿಗೆ ಏನೂ ಇರಲಿಲ್ಲ.

ಮರುದಿನ ನಾನು ಶಾಲೆಯಿಂದ ಬರುವಾಗ ಅಂಗಳ ಖಾಲಿಯಾಗಿತ್ತು. ಒಂದು ನಾಯಿಯೂ ಇರಲಿಲ್ಲ. ಕುಟ್ಟಿ ತಕ್ಕಡಿಯ ಸುತ್ತ ಸುಮ್ಮನೆ ನಡೆದಾಡುತ್ತಿತ್ತು. ಅಪ್ಪ ಗಾಣಕ್ಕೆ ಕೊಬ್ಬರಿ ಹಾಕುತ್ತಿದ್ದರು. ನಾನು ಕೇಳಿದೆ, ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಲಿಲ್ಲ ಎಂಬಂತೆ ಇದ್ದರು. ಊಟಕ್ಕೆ ಕುಳಿತಾಗ ಅಮ್ಮ ಕೇಳಿದಳು.

"ಎಲ್ಲಿ ಬಿಟ್ಟದ್ದು?"

"ಸುಳ್ಯದಲ್ಲಿ, ಮೀನು ಮಾರ್ಕೆಟಿನ ಹತ್ರ. ಅಲ್ಲಿ ತಿನ್ಲಿಕ್ಕೆ ಸಿಕ್ತದೆ."

"ನನ್ನನ್ನು ಈ ಮನೆಗೆ ಕೊಡುವಾಗ ನನ್ನ ಅಪ್ಪ ಹೇಳಿದ್ದೂ ಇದನ್ನೇ. ಮಿಲ್ಲಿನವರು, ತಿನ್ಲಿಕ್ಕೆ ಉಂಟು ಅಂತ."

ಅನ್ನದ ಪಾತ್ರೆಯನ್ನು ನಮ್ಮ ನಡುವೆ ಇಟ್ಟು ಅವಳು ಒಳಗೆ ಹೋದಳು. ಅದಕ್ಕಿಂತ ಹೆಚ್ಚು ಏನು ಮಾಡಬಹುದಿತ್ತು? ಪಿಕಪ್ಪು ಅವಳದಲ್ಲ, ರಸ್ತೆ ಅವಳದಲ್ಲ, ಹುಡುಕಿಕೊಂಡು ಹೋಗುತ್ತೇನೆಂದರೆ 'ನಾಯಿಗೋಸ್ಕರವಾ?' ಎಂದು ಕೇಳುವ ಊರು ಅವಳ ಸುತ್ತ ಇತ್ತು. ಅವಳಿಂದಾದದ್ದು ಒಂದೇ. ಆಮೇಲೆ ಅವಳು ದಬ್ಬಳವನ್ನು ಮುಟ್ಟಲಿಲ್ಲ. ಗೋಣಿಗಳ ಬಾಯಿಯನ್ನು ಅಪ್ಪನೇ ಹಗ್ಗದಿಂದ ಕಟ್ಟತೊಡಗಿದರು. ನನ್ನಿಂದಾದದ್ದು ಇನ್ನೂ ಕಡಿಮೆ. ಸುಳ್ಯಕ್ಕೆ ಹೋದಾಗಲೆಲ್ಲ ಅಮ್ಮನ ಕೈ ಹಿಡಿದು ಮೀನು ಮಾರ್ಕೆಟಿನ ಸುತ್ತ ಬರುತ್ತಿದ್ದೆ. ರಾಜು ಎಂದು ಕೂಗಿದರೆ ಮೀನಿನ ಹೆಂಗಸರು ತಲೆಯೆತ್ತಿ ನೋಡುವರು. ಒಮ್ಮೆ ಒಬ್ಬಾಕೆ ಬಂಗುಡೆಯ ತಲೆ ಕತ್ತರಿಸುತ್ತ ಕೇಳಿದಳು:

"ಯಾರು ಮಗಾ ರಾಜು, ತಮ್ಮನಾ?"

"ನಾಯಿ. ಹೆಣ್ಣು ನಾಯಿ."

"ಅಯ್ಯೋ ದೇವರೇ. ಇಲ್ಲಿ ಪೂರಾ ಹೆಣ್ಣು ನಾಯಿಗಳೇ ಮಗಾ. ಎಲ್ಲಾ ಊರಿನವರು ತಂದು ಬಿಡುದು ಇಲ್ಲಿಗೇ. ಯಾವುದನ್ನು ಅಂತ ಹುಡುಕ್ತೀ?"

ಹಾಗೆ ಹುಡುಕಿದ್ದೆಲ್ಲ ವ್ಯರ್ಥವಾಯಿತು. ಮನೆಯಲ್ಲಿ ಸುದ್ದಿ ಎತ್ತಿದರೆ 'ರಾಜು ಹೋಯಿತು' ಎಂದು ಮಾತು ಮುಗಿಸುತ್ತಿದ್ದರು, ಮಳೆ ಹೋಯಿತು, ಕರೆಂಟು ಹೋಯಿತು ಎಂಬ ಹಾಗೆ. ಕರೆಂಟು ನಿಜವಾಗಿಯೂ ಹೋದಾಗ ಮಾತ್ರ ನಮ್ಮಲ್ಲಿ ಯಾರಿಗೂ ನೆಮ್ಮದಿಯಿರುತ್ತಿರಲಿಲ್ಲ. ಯಂತ್ರ ನಿಂತು, ಲೋಟಗಳು ಸುಮ್ಮನಾಗಿ, ಆ ಮೌನದಲ್ಲಿ ಮೂವರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ರಸ್ತೆಯ ಕಡೆಗೆ ಕಿವಿಗೊಡುತ್ತಿದ್ದೆವು. ಹಾಗೆ ಕಿವಿಗೊಟ್ಟದ್ದನ್ನು ಒಬ್ಬರಿಂದ ಒಬ್ಬರು ಅಡಗಿಸುತ್ತಿದ್ದೆವು. ಅಪ್ಪ ಮಂಡೆಕೋಲಿನ ಕಡೆಯಿಂದ ಕೊಬ್ಬರಿ ತರುವುದನ್ನು ಬಿಟ್ಟು ಪೆರಾಬೆಗೆ ಹೋಗತೊಡಗಿದ್ದೂ ಅದೇ ವರ್ಷ. ಅದು ಎಷ್ಟು ಸುತ್ತು, ಎಷ್ಟು ದೂರ ಎಂದು ಚೆನ್ನಪ್ಪಣ್ಣ ತಮಾಷೆ ಮಾಡುತ್ತಿದ್ದ. ನಾವು ನಾಯಿ ಸಾಕಲಿಲ್ಲ, ಗಂಡನ್ನೂ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಮಿಲ್ಲು ಈಗಲೂ ನಡೆಯುತ್ತದೆ. ಬೊಳ್ಳಿಯ ಮೊಮ್ಮಕ್ಕಳ ಮೊಮ್ಮಕ್ಕಳು ಅದೇ ಡಬ್ಬಗಳ ಸಂದಿಯಲ್ಲಿ ಬೆಳ್ಳಗಾಗುತ್ತಿವೆ. ಎಲ್ಲರನ್ನೂ ಪ್ರಶ್ನಿಸುವುದೇ ನನ್ನ ಉದ್ಯೋಗ. ಅಧಿಕಾರಿಗಳನ್ನು, ಸಂಸ್ಥೆಗಳನ್ನು, ನನ್ನ ಪ್ರಾಧ್ಯಾಪಕರನ್ನೂ ಬಿಟ್ಟವಳಲ್ಲ. ಆದರೆ ಗಾಣದ ಮುಂದೆ ನಿಂತಿದ್ದ ಆ ಮನುಷ್ಯನನ್ನು ನೋಡಿದಾಗ, ಜಗತ್ತಿನಲ್ಲಿ ನಾನು ನಿಜಕ್ಕೂ ಉತ್ತರ ಪಡೆಯಬೇಕಾದ ಒಬ್ಬನೇ ವ್ಯಕ್ತಿಯನ್ನು ಬಿಟ್ಟು ಉಳಿದೆಲ್ಲರನ್ನೂ ಕೇಳುತ್ತ ತಿರುಗಿದೆನಲ್ಲ ಅನ್ನಿಸಿತು. ಕೇಳಿದೆ. ಯಂತ್ರ ನಡೆಯುತ್ತಿತ್ತು. ಅಪ್ಪ ಕಿವಿಯ ಹಿಂದೆ ಕೈಯಿಟ್ಟು 'ಎಂತ?' ಎಂದು ಸನ್ನೆ ಮಾಡಿ, ಉತ್ತರಕ್ಕೆ ಕಾಯದೆ ಅತ್ತ ತಿರುಗಿದರು. ನಾನು ಹೋಗಿ ಮೇನ್ ಸ್ವಿಚ್ಚು ಇಳಿಸಿದೆ. ಯಂತ್ರ ನಿಧಾನವಾಗಿ ನಿಂತಿತು. ಹಿಂದಿನ ಅಡುಗೆಮನೆಯಲ್ಲಿ ಲೋಟಗಳು ಸುಮ್ಮನಾದವು.

"ರಾಜುವನ್ನು ಎಲ್ಲಿ ಬಿಟ್ಟದ್ದು ಅಪ್ಪಾ?"

ಅವರು ಕನ್ನಡಕ ತೆಗೆದರು. ಬಹಳ ಹೊತ್ತು ಒರೆಸಿದರು.

"ಮಾರ್ಕೆಟಿಗೆ ಹೋಗ್ಲಿಲ್ಲ. ಅಲ್ಲಿ ಪೂರಾ ಗುರ್ತದವರು. ಮಂಡೆಕೋಲು ರಸ್ತೆಯಲ್ಲಿ, ಕಾಡು ಸುರು ಆಗ್ತದಲ್ಲ, ಅಲ್ಲಿ."

"ನಿಮಗೆ ಮೊದಲು ಗೊತ್ತಿರ್ಲಿಲ್ವಾ, ಹೆಣ್ಣು ಅಂತ?"

"ಗೊತ್ತಿತ್ತು. ನಿನ್ನ ಅಮ್ಮ ಎತ್ತಿ ಹಿಡಿದಾಗಲೇ ಗೊತ್ತಿತ್ತು."

ನಾನು ಇಷ್ಟು ವರ್ಷ ಸಿದ್ಧಪಡಿಸಿಟ್ಟಿದ್ದ ಮಾತುಗಳೆಲ್ಲ ಗೊತ್ತಿಲ್ಲದ ಮನುಷ್ಯನಿಗಾಗಿ ಇದ್ದವು. ಗೊತ್ತಿದ್ದೂ ಸಾಕಿದವನಿಗೆ, ಗೊತ್ತಿದ್ದೂ ಪ್ರೀತಿಸಿ ಒಂದು ನಗುವಿಗೆ ಹೆದರಿ ಗೋಣಿ ಕಟ್ಟಿದವನಿಗೆ, ಏನು ಹೇಳಬೇಕೆಂದು ನನ್ನ ಯಾವ ಓದೂ ನನಗೆ ಹೇಳಿಕೊಡಲಿಲ್ಲ.

"ಗೋಣಿ ಬಿಚ್ಚಿದೆ. ಓಡ್ಲಿಲ್ಲ. ಪಿಕಪ್ಪಿಗೇ ಹತ್ತಿ ಕೂತಿತು. ಇಳಿಸಿದೆ, ಪುನಃ ಹತ್ತಿತು. ಮತ್ತೆ ಬಿಸ್ಕೆಟ್ ಬಿಸಾಡಿದೆ. ತರ್ಲಿಕ್ಕೆ ಹೋಯಿತು. ನಾನು ಗಾಡಿ ಸ್ಟಾರ್ಟ್ ಮಾಡಿದೆ."

"ಬೊಗಳಿತಾ?"

"ಇಲ್ಲ. ಅಲ್ಲೇ ನಿಂತು ನನ್ನ ಕೈ ನೋಡ್ತಾ ಇತ್ತು."

ಕನ್ನಡಕವನ್ನು ಪುನಃ ಹಾಕಿಕೊಂಡು ಅವರೇ ಮುಂದುವರಿಸಿದರು.

"ಮರುದಿನ ಹೋಗಿದ್ದೆ. ನಿನ್ನ ಅಮ್ಮನಿಗೆ ಹೇಳ್ಬೇಡ. ನಾಯಿ ಇರ್ಲಿಲ್ಲ. ಗಾಡಿ ನಿಲ್ಲಿಸಿದ್ದ ಜಾಗದಲ್ಲಿ ಬಿಸ್ಕೆಟ್ ಇತ್ತು. ತಂದು ಇಟ್ಟಿತ್ತು."

ಗೋಡೆಯ ಆಚೆ ಅಮ್ಮ ಇದ್ದಳು. ಆ ಮೌನದಲ್ಲಿ ಅವಳಿಗೆ ಎಲ್ಲವೂ ಕೇಳಿಸಿರಬೇಕು. ಅಷ್ಟರಲ್ಲಿ ಮೆಟ್ಟಿಲ ಬಳಿ ಊರುಗೋಲಿನ ಸದ್ದಾಯಿತು. ಈಗ ಕಣ್ಣು ಮಂಜಾಗಿರುವ ಚೆನ್ನಪ್ಪಣ್ಣ ಬಾಗಿಲ ಚೌಕಟ್ಟು ಹಿಡಿದು ಒಳಗೆ ಇಣುಕಿದ.

"ಎಂತ ಮಾರಾಯ್ರೆ, ಕರೆಂಟು ಹೋಯ್ತಾ?"

ಅಪ್ಪ ಸ್ವಿಚ್ಚಿನ ಮೇಲಿದ್ದ ನನ್ನ ಕೈಯನ್ನು ನೋಡಿದರು.

"ಹೋದದ್ದಲ್ಲ. ಮಗಳು ತೆಗೆದದ್ದು."